ಒಂದೇ ನೆಗಡಿ, ನೂರರವತ್ತು ವೈರಸ್

ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಎರಡು ದಿನ ತಲೆ ಭಾರ, ವಾರ ಕಳೆಯುವಷ್ಟರಲ್ಲಿ ಎಲ್ಲ ಸರಿ. ಎರಡು ತಿಂಗಳಿಗೆ ಮತ್ತೆ ಅದೇ ಕಥೆ. ‘ಮತ್ತೆ ನೆಗಡಿ ಬಂತು’ ಎಂದು ಗೊಣಗುತ್ತೇವೆ. ಆ ‘ಮತ್ತೆ’ ಎಂಬ ಮಾತಿನಲ್ಲೇ ಎಡವಟ್ಟಿದೆ. ಹೋದ ಸಲ ಬಂದು ಹೋದ ವೈರಸ್ಸೇ ತಿರುಗಿ ಬಂದಿರುವ ಸಂಭವ ಕಡಿಮೆ. ಈ ಸಲ ಬಾಗಿಲು ತಟ್ಟಿದ್ದು ಬಹುಶಃ ನಮ್ಮ ಮೈ ಹಿಂದೆಂದೂ ಕಾಣದ ಬೇರೊಂದು.

ವಯಸ್ಕರಿಗೆ ವರ್ಷಕ್ಕೆ ಎರಡು ಮೂರು ಸಲ, ಪುಟ್ಟ ಮಕ್ಕಳಿಗೆ ಆರೆಂಟು ಸಲ ನೆಗಡಿಯಾಗುವುದು ಮಾಮೂಲು. ಒಮ್ಮೆ ಬಂದ ದಡಾರ ಜೀವನದಲ್ಲಿ ಮತ್ತೊಮ್ಮೆ ಬರುವುದು ತೀರಾ ಅಪರೂಪ. ಹಾಗಿರುವಾಗ ಜುಜುಬಿ ನೆಗಡಿಗೆ ಮಾತ್ರ ಈ ಸಲುಗೆ ಯಾಕೆ? ಮೈಯ ರೋಗನಿರೋಧಕ ವ್ಯವಸ್ಥೆ ಮರೆಗುಳಿಯೇನೂ ಅಲ್ಲ. ಅದು ನೆನಪಿಟ್ಟುಕೊಳ್ಳುತ್ತದೆ. ಆದರೆ ನೆನಪಿಡಬೇಕಾದ ಮುಖಗಳು ಒಂದೆರಡಲ್ಲ. ಒಂದು ದೇಶದಲ್ಲಿ ಯಾವುದೋ ಒಂದು ತಿಂಗಳು ಓಡಾಡುತ್ತಿರುವ ನೆಗಡಿ ವೈರಸ್‌ಗಳನ್ನು ಹಿಡಿದು ಅವುಗಳ ವಂಶವಾಹಿಯನ್ನು ಓದಿದರೆ ಕಾಣುವುದು ಒಂದು ಶತ್ರುವಲ್ಲ, ಒಂದು ಜಾತ್ರೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನೆಗಡಿ ಎನ್ನುವುದು ಒಂದಷ್ಟು ಲಕ್ಷಣಗಳಿಗೆ ನಾವು ಇಟ್ಟ ಹೆಸರು, ಒಂದು ಸೂಕ್ಷ್ಮಜೀವಿಗೆ ಇಟ್ಟ ಹೆಸರಲ್ಲ. ರೈನೋವೈರಸ್, ನಾಲ್ಕು ಬಗೆಯ ಹಳೆಯ ಕೊರೊನಾವೈರಸ್‌ಗಳು, ಅಡೆನೋವೈರಸ್, ಪ್ಯಾರಾಇನ್‌ಫ್ಲುಯೆಂಜಾ, ಆರ್‌ಎಸ್‌ವಿ, 2001ರಲ್ಲಷ್ಟೇ ಪತ್ತೆಯಾದ ಮೆಟಾನ್ಯುಮೋವೈರಸ್ ಹೀಗೆ ಬಹುಪಾಲು ಪರಸ್ಪರ ನೆಂಟಸ್ತಿಕೆಯೇ ಇಲ್ಲದ ಹಲವು ಕುಲಗಳು ಒಂದೇ ಮೂಗನ್ನು ಹಂಚಿಕೊಂಡಿವೆ. ಅಡೆನೋವೈರಸ್ಸಿನದು ಡಿಎನ್‌ಎ, ಉಳಿದವುಗಳದು ಆರ್‌ಎನ್‌ಎ. ಹಾವಿಗೂ ಮೀನಿಗೂ ಇರುವಷ್ಟು ಹತ್ತಿರದ ಸಂಬಂಧವೂ ಇವುಗಳಲ್ಲಿ ಹೆಚ್ಚಿನವಕ್ಕಿಲ್ಲ. ನೆಗಡಿಗಳಲ್ಲಿ ಸರಿಸುಮಾರು ಅರ್ಧದಷ್ಟಕ್ಕೆ ಹೊಣೆ ರೈನೋವೈರಸ್. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಅದರದ್ದೇ. ‘ರೈನೋ’ ಎಂದರೆ ಗ್ರೀಕಿನಲ್ಲಿ ಮೂಗು. ಘೇಂಡಾಮೃಗದ ಇಂಗ್ಲಿಷ್ ಹೆಸರಿನಲ್ಲಿರುವುದೂ ಇದೇ ಮೂಗು. ಆದರೆ ಗಾತ್ರದಲ್ಲಿ ಇದು ಸುಮಾರು 30 ನ್ಯಾನೋಮೀಟರ್, ವೈರಸ್‌ಗಳ ಪೈಕಿಯೂ ಕುಳ್ಳ.

ಏಳು ಸಾವಿರ ಅಕ್ಷರಗಳ ಪುಸ್ತಕ

ರೈನೋವೈರಸ್ಸಿನ ಇಡೀ ವಂಶವಾಹಿ ಸುಮಾರು 7,200 ಅಕ್ಷರಗಳ ಒಂದು ಆರ್‌ಎನ್‌ಎ ಎಳೆ. ಮನುಷ್ಯನದು 300 ಕೋಟಿ ಅಕ್ಷರ. ಇಷ್ಟು ಚಿಕ್ಕ ಬರಹದಲ್ಲಿ ತನ್ನನ್ನು ನಕಲು ಮಾಡಿಕೊಳ್ಳುವ ಯಂತ್ರ, ಜೀವಕೋಶದ ಕೆಲಸವನ್ನು ತನ್ನ ಕಡೆ ತಿರುಗಿಸಿಕೊಳ್ಳುವ ಉಪಾಯ, ಹೊರಗಿನ ಕವಚ ಎಲ್ಲವೂ ಅಡಕವಾಗಿವೆ. ಕವಚಕ್ಕೆ ನಾಲ್ಕು ಪ್ರೋಟೀನುಗಳು: ವಿಪಿ1, ವಿಪಿ2, ವಿಪಿ3, ವಿಪಿ4. ಪ್ರತಿಯೊಂದರದೂ 60 ಪ್ರತಿಗಳು ಸೇರಿ ಇಪ್ಪತ್ತು ಮುಖದ ಒಂದು ಗುಂಡು ಪೆಟ್ಟಿಗೆಯಾಗುತ್ತದೆ. ಮೊದಲ ಮೂರು ಹೊರಗೆ ಕಾಣುತ್ತವೆ, ನಾಲ್ಕನೆಯದು ಒಳಗೆ ಅಡಗಿ ಕೂರುತ್ತದೆ. ನಮ್ಮ ಪ್ರತಿಕಾಯಗಳು, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ರಕ್ಷಕ ಪ್ರೋಟೀನುಗಳು, ಅದನ್ನು ಗುರುತಿಸುವುದು ಈ ಹೊರಮೈಯನ್ನು ನೋಡಿ. ಅದರಲ್ಲೂ ವಿಪಿ1 ಎಲ್ಲಕ್ಕಿಂತ ಹೆಚ್ಚು ಉಬ್ಬಿ ನಿಂತಿರುವುದರಿಂದ ನಮ್ಮ ಮೈಯ ಕಣ್ಣು ಮೊದಲು ಬೀಳುವುದು ಅದರ ಮೇಲೆ.

ನಕಲು ಮಾಡುವ ಕಿಣ್ವ ಬೇಜವಾಬ್ದಾರಿ ಗುಮಾಸ್ತನಂತೆ. ಬರೆದುದನ್ನು ತಿರುಗಿ ನೋಡುವ ಅಭ್ಯಾಸವೇ ಅದಕ್ಕಿಲ್ಲ. ಸುಮಾರು ಹತ್ತು ಸಾವಿರ ಅಕ್ಷರಕ್ಕೆ ಒಂದು ತಪ್ಪು ಎಂದಿಟ್ಟುಕೊಂಡರೂ ಹೆಚ್ಚುಕಡಿಮೆ ಪ್ರತಿ ನಕಲಿನಲ್ಲಿ ಒಂದು ತಪ್ಪು ನುಸುಳುತ್ತದೆ. ಒಬ್ಬ ರೋಗಿಯ ಮೂಗಿನಲ್ಲಿ ಒಂದು ವಾರದಲ್ಲಿ ಹುಟ್ಟುವ ಕೋಟ್ಯಂತರ ವೈರಸ್‌ಗಳು ಒಂದೇ ಅಚ್ಚಿನವಲ್ಲ, ಸಣ್ಣಪುಟ್ಟ ವ್ಯತ್ಯಾಸಗಳಿರುವ ಒಂದು ಗುಂಪು. ಕೊರೊನಾವೈರಸ್ ಈ ವಿಷಯದಲ್ಲಿ ಶಿಸ್ತಿನ ಮನುಷ್ಯ. ಅದರ ವಂಶವಾಹಿ ಸುಮಾರು 30,000 ಅಕ್ಷರಗಳಷ್ಟು ಉದ್ದ. ಅಷ್ಟುದ್ದ ಬರೆಯುವಾಗ ತಿದ್ದುವವರಿಲ್ಲದಿದ್ದರೆ ಕೆಲಸ ಕೆಡುತ್ತದೆ. ಅದಕ್ಕೆಂದೇ ತಪ್ಪು ಅಕ್ಷರವನ್ನು ಕಿತ್ತು ಹಾಕುವ ಇನ್ನೊಂದು ಕಿಣ್ವವನ್ನು ಅದು ಇಟ್ಟುಕೊಂಡಿದೆ.

ಎಲ್ಲ ತಪ್ಪೂ ಒಂದೇ ಬೆಲೆಯದಲ್ಲ. ಒಂದು ಮಾದರಿಯಲ್ಲಿ ಸಿ-ಯು-ಯು ಎಂಬ ಮೂರಕ್ಷರ ಇದೆ ಎನ್ನಿ. ಅದರ ಅರ್ಥ: ಇಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಒಂದು ಇಟ್ಟಿಗೆ, ಜೋಡಿಸು. ಇನ್ನೊಂದು ಮಾದರಿಯಲ್ಲಿ ಅದೇ ಜಾಗದಲ್ಲಿ ಸಿ-ಯು-ಸಿ ಇದೆ. ಅಕ್ಷರ ಬದಲಾಯಿತು, ಅರ್ಥ ಬದಲಾಗಲಿಲ್ಲ. ಅದೂ ಲ್ಯೂಸಿನ್ನೇ. ಮೂರನೆಯ ಮಾದರಿಯಲ್ಲಿ ಸಿ-ಎ-ಯು ಕಂಡರೆ ಆಗ ಅಲ್ಲಿ ಹಿಸ್ಟಿಡಿನ್ ಬಂದು ಕೂರುತ್ತದೆ. ಕವಚದ ಆಕಾರವೇ ಒಂದಿಷ್ಟು ತಿರುಚಬಹುದು. ಅದರಿಂದ ವೈರಸ್ ಸಾಯಬಹುದು, ಇಲ್ಲವೇ ಪ್ರತಿಕಾಯದ ಹಿಡಿತದಿಂದ ಜಾರಿಕೊಳ್ಳಬಹುದು. ಎರಡು ವೈರಸ್‌ಗಳ ನಡುವೆ ನೂರು ಅಕ್ಷರ ವ್ಯತ್ಯಾಸ ಇದೆ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ: ಅದರಲ್ಲಿ ಎಷ್ಟು ಅರ್ಥ ಕೆಡಿಸುವಂಥವು?

ಎ, ಬಿ, ಮತ್ತು ಬೆಳೆಯಲೊಪ್ಪದ ಸಿ

ರೈನೋವೈರಸ್ ಮೊದಲ ಬಾರಿಗೆ ಪ್ರಯೋಗಾಲಯದಲ್ಲಿ ಸಿಕ್ಕಿದ್ದು 1950ರ ದಶಕದ ಅಮೆರಿಕದಲ್ಲಿ. ಜಾನ್ಸ್ ಹಾಪ್ಕಿನ್ಸ್‌ನ ವಿನ್‌ಸ್ಟನ್ ಪ್ರೈಸ್ 1956ರಲ್ಲಿ ಅದನ್ನು ವರದಿ ಮಾಡಿದರು. ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1946ರಿಂದ 1990ರವರೆಗೆ ನೆಗಡಿಯ ಅಧ್ಯಯನಕ್ಕೆಂದೇ ಒಂದು ಘಟಕವಿತ್ತು. ಅಲ್ಲಿ ಡೇವಿಡ್ ಟೈರೆಲ್ ಮತ್ತು ಸಂಗಡಿಗರಿಗೆ ಹೊಳೆದ ಒಂದು ಸಣ್ಣ ಉಪಾಯ ದೊಡ್ಡ ಬಾಗಿಲು ತೆರೆಯಿತು: ಜೀವಕೋಶಗಳನ್ನು ಮೈಯ ಉಷ್ಣತೆಯಾದ 37 ಡಿಗ್ರಿಯಲ್ಲಿ ಇಡುವ ಬದಲು 33 ಡಿಗ್ರಿಯಲ್ಲಿ ಇಟ್ಟರೆ ವೈರಸ್ ಚೆನ್ನಾಗಿ ಬೆಳೆಯುತ್ತದೆ. ಯಾಕೆಂದರೆ ಉಸಿರಾಡುವ ಗಾಳಿ ತಗುಲುವ ಮೂಗಿನ ಒಳಗು ಅಷ್ಟೇ ತಂಪು. ಕಂಡ ಮೇಲೆ ಇಷ್ಟೇ ತಾನೇ ಎನಿಸುವ ಇಂಥ ಸಂಗತಿಗಳೇ ಮೊದಲು ಕಾಣುವುದು ಕಷ್ಟ.

ಬೆಳೆಸಲು ಬಂದ ಮೇಲೆ ಎಣಿಕೆ ಶುರುವಾಯಿತು. ಒಂದು ವೈರಸ್ಸಿನ ವಿರುದ್ಧ ತಯಾರಾದ ರಕ್ತಸಾರ (ಪ್ರತಿಕಾಯಗಳಿರುವ ರಕ್ತದ ತಿಳಿ) ಇನ್ನೊಂದನ್ನು ತಡೆಯದಿದ್ದರೆ ಆ ಇನ್ನೊಂದಕ್ಕೆ ಹೊಸ ಸಂಖ್ಯೆ. 1987ರ ಹೊತ್ತಿಗೆ ಪಟ್ಟಿ 100 ಮುಟ್ಟಿತು. ನಡುವೆ ತಮಾಷೆಗಳೂ ನಡೆದವು. 87ನೇ ಸಂಖ್ಯೆ ಪಡೆದ ‘ರೈನೋವೈರಸ್’ ಕೊನೆಗೆ ರೈನೋವೈರಸ್ಸೇ ಅಲ್ಲ, ಅದರ ಹತ್ತಿರದ ನೆಂಟ ಎಂಟರೋವೈರಸ್ ಡಿ68 ಎಂದು ಗೊತ್ತಾಗಿ ಪಟ್ಟಿಯಿಂದ ಹೊರಬಿತ್ತು. ವಂಶವಾಹಿ ಹೋಲಿಸಿದಾಗ ಉಳಿದವು ಎ ಮತ್ತು ಬಿ ಎಂಬ ಎರಡು ಪ್ರಭೇದಗಳಾಗಿ ಒಡೆದವು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಾಗ, 2006ರ ಆಸುಪಾಸಿನಲ್ಲಿ, ಜೀವಕೋಶದಲ್ಲಿ ಬೆಳೆಸುವ ಗೋಜಿಗೆ ಹೋಗದೆ ರೋಗಿಗಳ ಮೂಗಿನ ದ್ರವದಿಂದಲೇ ನೇರವಾಗಿ ಆರ್‌ಎನ್‌ಎ ಓದತೊಡಗಿದವರಿಗೆ ಯಾವ ಪಟ್ಟಿಯಲ್ಲೂ ಇಲ್ಲದ ಬರಹ ಸಿಕ್ಕಿತು. ಒಂದೆರಡಲ್ಲ, ಒಂದು ಇಡೀ ಪ್ರಭೇದ. ಅದೇ ಸಿ. ಅರ್ಧ ಶತಮಾನ ಎಲ್ಲರ ಕಣ್ಣು ತಪ್ಪಿಸಿ ಅದು ಮಕ್ಕಳನ್ನು ಕೆಮ್ಮಿಸುತ್ತಲೇ ಇತ್ತು. ಸಾಮಾನ್ಯ ಪ್ರಯೋಗಾಲಯದ ಜೀವಕೋಶಗಳಲ್ಲಿ ಅದು ಬೆಳೆಯದ ಕಾರಣ ‘ಇಲ್ಲ’ ಎಂದೇ ಲೆಕ್ಕವಾಗಿತ್ತು. ಹಳೆಯ 100ರ ಪಟ್ಟಿ ಎಂದರೆ ಗಾಜಿನ ಕೊಳವೆಯಲ್ಲಿ ಬೆಳೆಯಲು ಒಪ್ಪಿದವುಗಳ ಪಟ್ಟಿ ಮಾತ್ರ.

ಇಂದಿನ ಲೆಕ್ಕದಲ್ಲಿ ಎ ಪ್ರಭೇದದಲ್ಲಿ ಸುಮಾರು 80 ಬಗೆ, ಬಿಯಲ್ಲಿ 30ರ ಮೇಲೆ ಸ್ವಲ್ಪ, ಸಿಯಲ್ಲಿ 50ಕ್ಕೂ ಹೆಚ್ಚು. ಒಟ್ಟು 160ರ ಗಡಿ ದಾಟುತ್ತದೆ.

ಹತ್ತಿಕಡ್ಡಿಯಿಂದ ಹೆಸರಿನವರೆಗೆ

ರಕ್ತಸಾರದ ಪರೀಕ್ಷೆ ಈಗ ಹಿಂದೆ ಸರಿದಿದೆ. ಮೂಗಿನ ಆಳದಿಂದ ಕಡ್ಡಿಯಲ್ಲಿ ತೆಗೆದ ದ್ರವದಿಂದ ಆರ್‌ಎನ್‌ಎ ಬೇರ್ಪಡಿಸಿ, ಅದನ್ನು ಡಿಎನ್‌ಎಯಾಗಿ ತಿರುಗಿಸಿ, ಪಿಸಿಆರ್‌ನಲ್ಲಿ ಲಕ್ಷಾಂತರ ಪಟ್ಟು ಹೆಚ್ಚಿಸುತ್ತಾರೆ. ಮೊದಲು ಹುಡುಕುವುದು ವಂಶವಾಹಿಯ ತಲೆಭಾಗವನ್ನು. ಪ್ರೋಟೀನು ಬರೆಯದ ಆ ಭಾಗ ಎಲ್ಲ ರೈನೋವೈರಸ್‌ಗಳಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಯಾವುದೂ ಬಲೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಎಲ್ಲ ಮನೆಗೂ ಒಂದೇ ನಮೂನೆಯ ಬಾಗಿಲಿದ್ದರೆ ಬೀದಿ ಸಿಕ್ಕೀತು, ಮನೆ ಸಿಗದು. ಆಸ್ಪತ್ರೆಯ ಎಷ್ಟೋ ವರದಿಗಳಲ್ಲಿ ‘ರೈನೋವೈರಸ್/ಎಂಟರೋವೈರಸ್’ ಎಂದು ಎರಡನ್ನೂ ಸೇರಿಸಿ ಬರೆದಿರುವುದು ಇದಕ್ಕೇ. ಇವೆರಡರ ತಲೆಭಾಗ ಅಷ್ಟು ಹೋಲುತ್ತದೆ.

ತಲೆಭಾಗವನ್ನು ನಂಬಿ ಬಗೆ ನಿರ್ಧರಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಸಿ ಪ್ರಭೇದದ ಹಲವು ವೈರಸ್‌ಗಳ ತಲೆ ಎ ಪ್ರಭೇದದಿಂದ ಬಂದದ್ದು. ಎಂದೋ ಒಂದು ಕಾಲದಲ್ಲಿ ಒಂದೇ ಜೀವಕೋಶಕ್ಕೆ ಎರಡೂ ನುಗ್ಗಿ, ನಕಲಿನ ನಡುವೆ ಎಳೆ ಅದಲುಬದಲಾಗಿದೆ. ತಲೆ ನೋಡಿ ಎ ಎಂದು ಬರೆದವನು ಮೈ ನೋಡಿದಾಗ ಪೆಚ್ಚಾಗುತ್ತಾನೆ.

ಆದ್ದರಿಂದ ಕವಚದ ಭಾಗವನ್ನೇ ಓದಬೇಕು. ಸುಲಭದ ದಾರಿ ವಿಪಿ4 ಮತ್ತು ವಿಪಿ2ರ ಕೆಲವು ನೂರು ಅಕ್ಷರ. ಅಧಿಕೃತ ದಾರಿ ವಿಪಿ1 ಪೂರ್ತಿ, ಅಂದರೆ ಸುಮಾರು 850 ಅಕ್ಷರ. ಸಿಕ್ಕಿದ ಬರಹವನ್ನು ಈಗಾಗಲೇ ಗೊತ್ತಿರುವ ಎಲ್ಲ ಬಗೆಗಳ ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ಅತಿ ಹತ್ತಿರದ್ದಕ್ಕಿಂತಲೂ ಎ ಮತ್ತು ಸಿ ಪ್ರಭೇದದಲ್ಲಿ ಶೇ. 13, ಬಿ ಪ್ರಭೇದದಲ್ಲಿ ಶೇ. 12ರಷ್ಟು ಭಿನ್ನವಾಗಿದ್ದರೆ ಮಾತ್ರ ಹೊಸ ಬಗೆ ಎಂಬ ಪಟ್ಟ. 850ರಲ್ಲಿ ಶೇ. 13 ಎಂದರೆ 110 ಅಕ್ಷರ. ಇದು ಎಷ್ಟು ದೊಡ್ಡ ಅಂತರ? ಒಂದಕ್ಕೊಂದು ಜೋಡಿಸಿ ನೋಡಿದರೆ ಮನುಷ್ಯನ ಡಿಎನ್‌ಎ ಅಕ್ಷರಗಳಿಗೂ ಚಿಂಪಾಂಜಿಯದಕ್ಕೂ ಇರುವ ವ್ಯತ್ಯಾಸ ಶೇ. 1ಕ್ಕಿಂತ ತುಸು ಹೆಚ್ಚು. ವೈರಸ್ಸಿನ ಒಂದು ಜೀನನ್ನು ಪ್ರಾಣಿಯ ಇಡೀ ವಂಶವಾಹಿಯ ಜೊತೆ ತೂಗುವುದು ನ್ಯಾಯವಲ್ಲ, ಒಪ್ಪುತ್ತೇನೆ. ಆದರೂ ‘ಎರಡೂ ನೆಗಡಿ ವೈರಸ್ಸೇ ತಾನೇ’ ಎಂಬ ಉದಾಸೀನಕ್ಕೆ ಈ ಹೋಲಿಕೆ ಒಳ್ಳೆಯ ಮದ್ದು.

ತೆಂಗಿನ ಮರವೋ, ಆಲದ ಮರವೋ

ಈಗ ಮುಖ್ಯ ಮಾತಿಗೆ ಬರೋಣ. ವೈರಸ್‌ಗಳ ವಂಶವಾಹಿಗಳನ್ನು ಹೋಲಿಸಿ ವಂಶವೃಕ್ಷ ಬರೆದಾಗ ಅದರ ಆಕಾರವೇ ಅರ್ಧ ಕಥೆ ಹೇಳುತ್ತದೆ. ಎಚ್‌3ಎನ್‌2 ಫ್ಲೂ ವೈರಸ್ಸಿನ ವೃಕ್ಷ ತೆಂಗಿನ ಮರದಂತೆ: ಉದ್ದಕ್ಕೆ ಒಂದೇ ಕಾಂಡ, ತುದಿಯಲ್ಲಿ ಚಿಕ್ಕ ಗರಿಗೊಂಚಲು. ಪ್ರತಿ ಒಂದೆರಡು ವರ್ಷಕ್ಕೆ ಹೊಸ ರೂಪಾಂತರ ಬಂದು ಹಳೆಯದನ್ನು ಅಳಿಸಿಹಾಕುತ್ತದೆ. ಹಳೆಯ ಗರಿ ಬೀಳುತ್ತದೆ, ಕಾಂಡ ಮೇಲೇರುತ್ತದೆ. ಯಾವುದೇ ಕಾಲಕ್ಕೆ ಬದುಕಿರುವುದು ತುದಿಯಲ್ಲಿರುವ ಕೆಲವು ಹತ್ತಿರದ ಸಂಬಂಧಿಗಳು ಮಾತ್ರ.

ರೈನೋವೈರಸ್ಸಿನದು ಆಲದ ಮರ. ಬುಡದ ಹತ್ತಿರವೇ ಕವಲೊಡೆದ ಹತ್ತಾರು ದಪ್ಪ ಕೊಂಬೆಗಳು, ಎಲ್ಲವೂ ಏಕಕಾಲಕ್ಕೆ ಹಸಿರು. ಒಂದು ಇನ್ನೊಂದನ್ನು ಕೊಲ್ಲುವುದಿಲ್ಲ, ಯಾಕೆಂದರೆ ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದನ್ನು ಅಷ್ಟಾಗಿ ಗುರುತಿಸುವುದಿಲ್ಲ. 1960ರ ದಶಕದಲ್ಲಿ ಸಂಖ್ಯೆ ಪಡೆದ ಬಗೆಗಳು ಇಂದಿಗೂ ಅದೇ ಹೆಸರಿನಲ್ಲಿ ಗುರುತು ಹಿಡಿಯುವಂತೆ ಸಿಗುತ್ತವೆ. ನಕಲಿನಲ್ಲಿ ಅಷ್ಟೊಂದು ತಪ್ಪು ಮಾಡುವ ವೈರಸ್ಸು ಇಷ್ಟು ಸ್ಥಿರವಾಗಿರುವುದು ವಿಚಿತ್ರ ಎನಿಸಬಹುದು. ತಪ್ಪುಗಳು ಆಗುತ್ತಲೇ ಇರುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಅರ್ಥ ಬದಲಿಸದಂಥವು, ಇಲ್ಲವೇ ವೈರಸ್ಸನ್ನೇ ಮುಗಿಸುವಂಥವು. ನೆಗಡಿ ‘ವೇಗವಾಗಿ ರೂಪ ಬದಲಿಸುವುದರಿಂದ’ ಪದೇ ಪದೇ ಬರುತ್ತದೆ ಎಂಬ ಜನಪ್ರಿಯ ವಿವರಣೆ ಫ್ಲೂಗೆ ಹೇಳಬೇಕಾದ್ದನ್ನು ನೆಗಡಿಗೆ ಅಂಟಿಸಿದ್ದು. ರೈನೋವೈರಸ್ ಓಡಿ ತಪ್ಪಿಸಿಕೊಳ್ಳುವುದಿಲ್ಲ. ಸರದಿಯಲ್ಲಿ ನಿಂತು ಬರುತ್ತದೆ.

ಇದರ ಪರಿಣಾಮ ಒಂದು ದೇಶದ ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ವರ್ಷದಲ್ಲಿ ಕೆಲವು ನೂರು ಮಾದರಿ ಓದಿದರೂ ಹತ್ತಾರು ಬಗೆಗಳು ಎದುರಾಗುತ್ತವೆ. ಎ ಮತ್ತು ಸಿ ಪೈಪೋಟಿಗೆ ಬಿದ್ದಂತೆ ಮುಂದಿರುತ್ತವೆ, ಬಿ ಅಲ್ಲೊಂದು ಇಲ್ಲೊಂದು. ಹೋದ ವರ್ಷ ಮೇಲಿದ್ದ ಬಗೆ ಈ ವರ್ಷ ಕಾಣೆ, ಅದರ ಜಾಗದಲ್ಲಿ ಇನ್ನೊಂದು. ಒಂದು ಊರಿನಲ್ಲಿ ಒಂದು ಬಗೆಗೆ ತುತ್ತಾಗದೆ ಉಳಿದವರು ಕಡಿಮೆಯಾದಾಗ ಅದು ಬೇರೆ ಕಡೆ ಹೋಗುತ್ತದೆ. ಹೊಸ ಮಕ್ಕಳು ಹುಟ್ಟಿ ಶಾಲೆ ಸೇರುವ ಹೊತ್ತಿಗೆ ತಿರುಗಿ ಬರುತ್ತದೆ.

ಹಾಗಾದರೆ ‘ಈ ದೇಶದ ತಳಿ’ ಎಂಬುದೊಂದು ಇದೆಯೇ? ವಂಶವೃಕ್ಷದ ಎಲೆಗಳಿಗೆ ದೇಶದ ಹೆಸರು ಅಂಟಿಸಿ ನೋಡಿದರೆ ಉತ್ತರ ಸಿಗುತ್ತದೆ. ಒಂದೇ ಬೀದಿಯ ಇಬ್ಬರು ಮಕ್ಕಳ ವೈರಸ್‌ಗಳು ಮರದ ಎರಡು ತುದಿಯಲ್ಲಿರುತ್ತವೆ. ಅವುಗಳಲ್ಲೊಂದರ ಪಕ್ಕದಲ್ಲೇ ಸಮುದ್ರದಾಚೆಯ ಯಾವುದೋ ಖಂಡದ ಮಾದರಿ ಕೂತಿರುತ್ತದೆ. ಗಡಿಯೊಳಗಿನ ವೈವಿಧ್ಯವೆಂದರೆ ಜಗತ್ತಿನ ವೈವಿಧ್ಯದ ಒಂದು ಹಿಡಿ. ಸ್ಥಳೀಯವಾಗಿ ಕಾಣುವ ಸಣ್ಣ ಗೊಂಚಲುಗಳು ಸಾಮಾನ್ಯವಾಗಿ ಹೊರಗಿನಿಂದ ಬಂದ ಒಂದು ವೈರಸ್ ಒಂದು ಶಾಲೆಯಲ್ಲೋ ಒಂದು ಮನೆಯಲ್ಲೋ ಕೆಲವು ವಾರ ಹರಡಿ ತಣ್ಣಗಾದ ಗುರುತು.

ಅದಕ್ಕೇ ಇಂಥ ವರದಿಗಳನ್ನು ಓದುವಾಗ ಮಾದರಿ ಯಾರಿಂದ ತೆಗೆದದ್ದು ಎಂದು ನೋಡುವುದು ಒಳ್ಳೆಯದು. ಉಬ್ಬಸದಿಂದ ಆಸ್ಪತ್ರೆ ಸೇರಿದ ಮಕ್ಕಳಿಂದಷ್ಟೇ ತೆಗೆದರೆ ಸಿ ಪ್ರಭೇದ ಉಬ್ಬಿ ಕಾಣುತ್ತದೆ. ಮನೆಯಲ್ಲೇ ಮೂಗೊರೆಸಿಕೊಂಡು ಸುಮ್ಮನಾದ ದೊಡ್ಡವರು ಲೆಕ್ಕಕ್ಕೇ ಬರುವುದಿಲ್ಲ. ಏನೂ ಲಕ್ಷಣವಿಲ್ಲದವರ ಮೂಗಿನಲ್ಲೂ ರೈನೋವೈರಸ್ಸಿನ ಆರ್‌ಎನ್‌ಎ ಸಿಗುವುದುಂಟು. ಗುಣವಾಗಿ ಎರಡು ವಾರ ಕಳೆದವರಲ್ಲೂ ಸಿಗುತ್ತದೆ. ಸಿಕ್ಕಿತು ಎಂದ ಮಾತ್ರಕ್ಕೆ ಅದೇ ಇಂದಿನ ಕೆಮ್ಮಿನ ಕಾರಣ ಎನ್ನಲಾಗದು.

ಎಲ್ಲ ನೆಗಡಿ ವೈರಸ್‌ಗಳೂ ಆಲದ ಮರಗಳೇ ಎಂದುಕೊಂಡರೆ ಅದೂ ತಪ್ಪು. 1960ರ ದಶಕದಲ್ಲಿ ಪತ್ತೆಯಾದ 229ಇ ಎಂಬ ಕೊರೊನಾವೈರಸ್ ತೆಂಗಿನ ಜಾತಿಯದು. 1980–90ರ ದಶಕದಲ್ಲಿ ತೆಗೆದಿಟ್ಟಿದ್ದ ರಕ್ತದ ಮಾದರಿಗಳು ಆ ಕಾಲದ 229ಇಯನ್ನು ಚೆನ್ನಾಗಿ ತಡೆಯುತ್ತವೆ, ಆಮೇಲಿನ ದಶಕಗಳ 229ಇ ಎದುರಿಗೆ ಮಂಕಾಗುತ್ತವೆ. ನಕಲನ್ನು ತಿದ್ದಿಕೊಳ್ಳುವ ಶಿಸ್ತಿನ ವೈರಸ್ಸೇ ರೂಪ ಬದಲಿಸಿ ಜಾರಿಕೊಳ್ಳುತ್ತದೆ, ತಪ್ಪುಗಳ ಸರದಾರ ರೈನೋವೈರಸ್ ತನ್ನ ಹಳೆಯ ಮುಖದಲ್ಲೇ ಉಳಿಯುತ್ತದೆ. ಎಷ್ಟು ತಪ್ಪು ನಡೆಯುತ್ತದೆ ಎನ್ನುವುದಕ್ಕಿಂತ ಯಾವ ತಪ್ಪಿಗೆ ಬದುಕುವ ಅವಕಾಶ ಸಿಗುತ್ತದೆ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಬೀಗದ ಕಡೆಯ ವೈವಿಧ್ಯ

ವೈರಸ್ ಕೀಲಿಯಾದರೆ ಜೀವಕೋಶದ ಮೇಲಿನ ಗ್ರಾಹಕ ಪ್ರೋಟೀನು ಬೀಗ. ಎ ಮತ್ತು ಬಿ ಪ್ರಭೇದದ ಬಹುಪಾಲು ಬಗೆಗಳಿಗೆ ಐಸಿಎಎಂ-1 ಎಂಬ ಬೀಗ, ಎ ಪ್ರಭೇದದ ಹನ್ನೆರಡಕ್ಕೆ ಕೊಲೆಸ್ಟರಾಲ್ ಸಾಗಿಸುವ ಎಲ್‌ಡಿಎಲ್ ಗ್ರಾಹಕ. ಸಿಯ ಬೀಗ ಸಿಕ್ಕಿದ್ದು 2015ರಲ್ಲಿ: ಸಿಡಿಎಚ್‌ಆರ್3. ಪ್ರಯೋಗಾಲಯದ ಜೀವಕೋಶಗಳಲ್ಲಿ ಆ ಬೀಗವೇ ಇರಲಿಲ್ಲ. ಅಷ್ಟು ವರ್ಷ ಅದು ಬೆಳೆಯದಿದ್ದ ಗುಟ್ಟು ಅದೇ. ಈ ಬೀಗದ ಜೀನಿನಲ್ಲಿ ಮನುಷ್ಯರಲ್ಲೇ ಎರಡು ರೂಪಗಳಿವೆ. ಒಂದು ರೂಪದಲ್ಲಿ ಆ ಪ್ರೋಟೀನು ಜೀವಕೋಶದ ಹೊರಮೈ ಮೇಲೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ, ವೈರಸ್ಸಿಗೆ ದಾರಿ ಸಲೀಸು. ಪುಟ್ಟ ಮಕ್ಕಳಲ್ಲಿ ತೀವ್ರ ಉಬ್ಬಸಕ್ಕೆ ಈ ರೂಪದ ನಂಟಿದೆ.

ಬೀಗ ಎಷ್ಟು ಮುಖ್ಯ ಎನ್ನುವುದಕ್ಕೆ ಉಗಾಂಡಾದ ಕಿಬಾಲೆ ರಾಷ್ಟ್ರೀಯ ಉದ್ಯಾನದಲ್ಲಿ 2013ರಲ್ಲಿ ನಡೆದದ್ದು ಸಾಕ್ಷಿ. ಅಲ್ಲಿನ ಒಂದು ಕಾಡು ಚಿಂಪಾಂಜಿ ಗುಂಪಿಗೆ ಕೆಮ್ಮು ಬಿತ್ತು. 56 ಪ್ರಾಣಿಗಳಲ್ಲಿ ಐದು ಸತ್ತವು. ಎರಡು ವರ್ಷದ ಒಂದು ಮರಿಯ ದೇಹದಿಂದ ತೆಗೆದ ಮಾದರಿಯಲ್ಲಿ ಸಿಕ್ಕಿದ್ದು ಮನುಷ್ಯರ ರೈನೋವೈರಸ್ ಸಿ. ಪರೀಕ್ಷಿಸಿದ ಚಿಂಪಾಂಜಿಗಳಲ್ಲೆಲ್ಲ ಇದ್ದದ್ದು ವೈರಸ್ಸಿಗೆ ದಾರಿ ಕೊಡುವ ಬೀಗದ ರೂಪವೇ. ಯಾರದೋ ಮೂಗು ಸೋರಿಸಿ ಬಿಟ್ಟುಬಿಡಬಹುದಾಗಿದ್ದ ಒಂದು ಬಗೆ ಬೀಗ ಬದಲಾದ ಕಡೆ ಕೊಲೆಗಾರನಾಯಿತು.

ಇಷ್ಟೊಂದು ಮುಖಗಳ ವಿರುದ್ಧ ಲಸಿಕೆ? 1970ರ ದಶಕದಲ್ಲೇ ಹತ್ತು ಬಗೆಗಳನ್ನು ಸೇರಿಸಿದ ಲಸಿಕೆಯನ್ನು ಜನರ ಮೇಲೆ ಪ್ರಯೋಗಿಸಿ ನೋಡಿದ್ದರು, ಪ್ರತಿಕಾಯ ಸಾಲದಾಯಿತು. ಆಮೇಲೆ ದಾರಿ ಹುಡುಕಿದ್ದು ಕವಚದ ರಚನೆಯಲ್ಲಿ. 1985ರಲ್ಲಿ ಮೈಕೆಲ್ ರಾಸ್‌ಮನ್ ತಂಡ 14ನೇ ಬಗೆಯ ಕವಚವನ್ನು ಪರಮಾಣು ಮಟ್ಟದಲ್ಲಿ ಬಿಡಿಸಿ ತೋರಿಸಿದಾಗ ಅದರ ಮೇಲೆ ಆಳವಾದ ಕಣಿವೆಯೊಂದು ಕಂಡಿತು. ಬೀಗಕ್ಕೆ ಕೂರುವ ಭಾಗ ಕಣಿವೆಯ ತಳದಲ್ಲಿದೆ, ಪ್ರತಿಕಾಯ ಅಲ್ಲಿಗೆ ಇಳಿಯಲಾರದು, ಹಾಗಾಗಿ ತಳ ಬದಲಾಗದೆ ದಂಡೆ ಮಾತ್ರ ಬಗೆಬಗೆಯಾಗಿದೆ ಎಂಬುದು ಅವರ ಊಹೆ. ಕೆಲವು ಪ್ರತಿಕಾಯಗಳು ಕಣಿವೆಗೂ ಇಳಿಯುತ್ತವೆ ಎಂದು ಮುಂದೆ ತಿಳಿಯಿತು. ಆದರೂ ಬಗೆಗಳ ನಡುವೆ ಹೆಚ್ಚು ವ್ಯತ್ಯಾಸ ಕಾಣುವುದು ದಂಡೆಗಳಲ್ಲೇ ಎಂಬ ಮಾತು ನಿಂತಿದೆ.

2016ರಲ್ಲಿ ಸಂಶೋಧಕರು ನೇರ ದಾರಿಯನ್ನೇ ಹಿಡಿದರು: ಐವತ್ತು ಬಗೆಗಳನ್ನು ನಿಷ್ಕ್ರಿಯಗೊಳಿಸಿ ಒಂದೇ ಲಸಿಕೆಯಲ್ಲಿ ಬೆರೆಸಿ ಮಂಗಗಳಿಗೆ ಚುಚ್ಚಿದರು. ಐವತ್ತರಲ್ಲಿ ನಲವತ್ತೊಂಬತ್ತರ ವಿರುದ್ಧ ಪ್ರತಿಕಾಯ ಹುಟ್ಟಿತು. ಉಳಿದ ನೂರಕ್ಕೂ ಹೆಚ್ಚು ಬಗೆಗಳಲ್ಲಿ ಐವತ್ತಕ್ಕೂ ಮೇಲ್ಪಟ್ಟವು ಆ ಸಿ ಪ್ರಭೇದದವು. ಅವುಗಳನ್ನು ಲಸಿಕೆಗೆ ಸೇರಿಸಬೇಕಾದರೆ ಮೊದಲು ರಾಶಿಗಟ್ಟಲೆ ಬೆಳೆಸಬೇಕು.